ಸೋಮವಾರದ ಪೆಟ್ಟಿಗೆ

ಹೈದರಾಬಾದಿನ ಕುಷಾಯಿಗೂಡದ ಅಮರೇಶಪ್ಪನವರಿಗೆ ಯಾರಾದರೂ "ನೀರು ಬಂದೈತ್ರಿ" ಎಂದರೆ ಅವರು ನಲ್ಲಿ ತಿರುಗಿಸಿ ನೋಡುವುದಿಲ್ಲ. ಮಾಳಿಗೆ ಹತ್ತಿ ಟ್ಯಾಂಕಿನ ಮುಚ್ಚಳ ತೆಗೆದು ನೋಡುತ್ತಾರೆ. ಡಾಕ್ಟರು ಬಿ.ಪಿ. ಅಳೆದರೆ ತಮ್ಮ ಚೀಲದಿಂದ ತಮ್ಮದೇ ಯಂತ್ರ ತೆಗೆದು ಡಾಕ್ಟರ ಎದುರೇ ಇನ್ನೊಮ್ಮೆ ಅಳೆದುಕೊಳ್ಳುತ್ತಾರೆ. ಬೀಗ ಹಾಕಿ ಜಗ್ಗಿ ನೋಡುವುದು ಎಲ್ಲರೂ ಮಾಡುವ ಕೆಲಸ. ಇವರು ಬೀದಿಯ ತುದಿಯವರೆಗೆ ಹೋಗಿ, ಅಲ್ಲಿಂದ ಮರಳಿ ಬಂದು ಜಗ್ಗುವವರು. ಅಷ್ಟು ಹೊತ್ತೂ ಹೆಂಡತಿ ಅಂಬವ್ವ ಬಿಸಿಲಲ್ಲಿ ಕೈಚೀಲ ಹಿಡಿದು ನಿಂತಿರುತ್ತಾರೆ.

ಇದರಲ್ಲಿ ತಪ್ಪು ಪೂರ್ತಿ ಅವರದೇ ಎನ್ನಲಾಗದು. ಲಿಂಗಸೂಗೂರು ಕಡೆಯ ಒಕ್ಕಲುತನದ ಮನೆಯಿಂದ ಡಿಪ್ಲೊಮಾ ಮುಗಿಸಿ ಬಂದ ಹುಡುಗನನ್ನು ಇಲ್ಲಿಯ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ತಪಾಸಣೆ ವಿಭಾಗಕ್ಕೆ ಹಾಕಿತು. ಬೇರೆಯವರು ಮಾಡಿದ್ದನ್ನು ನಂಬದಿರುವುದಕ್ಕೇ ಅಲ್ಲಿ ಸಂಬಳ. ಪರೀಕ್ಷೆಯಾದ ಪೆಟ್ಟಿಗೆಯ ಮೇಲೆ ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ಸಹಿ ಹಾಕುವುದು ಅವರ ಕೆಲಸ. ಪಟ್ಟಿ ಹರಿದಿದ್ದರೆ ಯಾರೋ ಕೈ ಹಾಕಿದ್ದಾರೆ ಎಂದರ್ಥ. ನಿವೃತ್ತಿಯಾದ ಮೇಲೆ ನೌಕರಿ ಬಿಟ್ಟು ಹೋಯಿತು, ಚಾಳಿ ಮನೆಗೆ ಬಂತು. ಉಪ್ಪಿನಕಾಯಿಯ ಭರಣಿಗೂ ಪಟ್ಟಿ ಬಿದ್ದಾಗ ಅಂಬವ್ವ ನಕ್ಕು ಸುಮ್ಮನಾದರು.

ಅಂಬವ್ವ ಸುಮ್ಮನಾಗುವವರಲ್ಲ, ಅದನ್ನೂ ಹೇಳಬೇಕು. ಹೈದರಾಬಾದಿನ ನಮ್ಮ ಕನ್ನಡದ ಮನೆಗಳಲ್ಲಿ ಮದುವೆ ಎಂದರೆ ಮೊದಲು ಅಂಬವ್ವನನ್ನು ಕೇಳಿ, ಆಮೇಲೆ ಮುಹೂರ್ತ ಇಡುತ್ತಿದ್ದ ಕಾಲವೊಂದಿತ್ತು. ಸೋಬಾನೆ, ಆರತಿ ಹಾಡು, ಬೀಸುವ ಪದ, ತೊಟ್ಟಿಲ ಪದ, ಏನು ಕೇಳಿದರೂ ಆಕೆಯ ಬಾಯಲ್ಲಿತ್ತು. ದೊಡ್ಡ ದನಿ. ಮೈಕು ಕೊಟ್ಟರೆ ಬದಿಗಿಡುತ್ತಿದ್ದರು. ಆಮೇಲೆ ಗಂಟಲಲ್ಲಿ ಗಂಟು ಕಾಣಿಸಿ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಆಕೆ ಮಾತಾಡಿದರೆ ಬರೀ ಉಸಿರು, ಕಿವಿ ಹತ್ತಿರ ತಂದರೆ ಅರ್ಥವಾಗುತ್ತದೆ.

ಆ ದನಿಯನ್ನು ಉಳಿಸಬೇಕೆಂಬ ಹುಚ್ಚು ಅಮರೇಶಪ್ಪನವರಿಗೆ ಹಿಡಿದದ್ದು ಆಸ್ಪತ್ರೆಯಿಂದ ಬಂದ ಮೇಲೆ. ಯಾರ ಮದುವೆಯ ಕ್ಯಾಸೆಟ್ಟಿನಲ್ಲಿದೆ ಎಂದು ಮನೆ ಮನೆ ತಿರುಗಿ ಎಲ್ಲ ಹಾಡುಗಳನ್ನೂ ಕಂಪ್ಯೂಟರಿಗೆ ಇಳಿಸಿದರು. ಬೂಷ್ಟು ಹಿಡಿದ ಕ್ಯಾಸೆಟ್ಟುಗಳು ಅದೇ ಕೊನೆಯ ಸಲ ತಿರುಗಿ ಹರಿದುಹೋದವು. ಇನ್ನು ಇಡುವುದೆಲ್ಲಿ? ಇಂಟರ್ನೆಟ್ಟಿನ ದೊಡ್ಡ ಕಂಪನಿಗಳಲ್ಲಿ ಇಡ್ರಿ ಎಂದವರಿಗೆ, "ಅವ್ರು ಯಾರು, ಅವ್ರ ಮನಿ ಎಲ್ಲೈತಿ?" ಎಂದು ಕೇಳಿದರು.

ಹಾಗಾಗಿ ತಾವೇ ಸರ್ವರ್ ಕಟ್ಟಿದರು. ಆಫೀಸುಗಳು ಗುಜರಿಗೆ ಹಾಕಿದ ಹಳೆಯ ಕಂಪ್ಯೂಟರುಗಳನ್ನು ತಂದು, ಹಿಂದಿನ ಕೋಣೆಯಲ್ಲಿ ಬಿಚ್ಚಿ, ಒರೆಸಿ, ಜೋಡಿಸಿದರು. ಇಂಗ್ಲಿಷ್ ಪುಸ್ತಕಗಳನ್ನು ಕೆಂಪು ಪೆನ್ಸಿಲ್ ಹಿಡಿದು ಓದಿದರು. ಬೇಸಿಗೆಯಲ್ಲಿ ಮನೆಯ ಟೇಬಲ್ ಫ್ಯಾನು ಆ ಪೆಟ್ಟಿಗೆಗಳ ಕಡೆ ತಿರುಗಿತು, ಅಂಬವ್ವ ಸೆರಗಿನಿಂದ ಗಾಳಿ ಹಾಕಿಕೊಂಡರು. ಪಕ್ಕದ ಮನೆಯ ಶಾಂತಪ್ಪ, ಒಳಗೆ ಏನೋ ಕಳ್ಳ ದಂಧೆ ನಡೆದಿದೆ ಎಂದು ಕಿಟಕಿಯಲ್ಲಿ ಇಣುಕಲು ಶುರುಮಾಡಿದ. ಸಂಶಯಕ್ಕೂ ಸೋಂಕು ಇರುತ್ತದೆ.

ಎಲ್ಲವೂ ಒಂದೇ ಮನೆಯಲ್ಲಿದ್ದರೆ ಬೆಂಕಿಯೋ ಸಿಡಿಲೋ ಒಂದೇ ಏಟಿಗೆ ತಿಂದು ಹೋದೀತು. ಅದಕ್ಕೆ ಒಂದು ಪೆಟ್ಟಿಗೆ ಮನೆಯಲ್ಲಿ ಉಳಿಯಿತು. ಇನ್ನೊಂದು ಮೆಹದಿಪಟ್ಟಣಂನಲ್ಲಿರುವ ಅಂಬವ್ವನ ತಂಗಿ ಭವಾನಿಯ ಮನೆಗೆ ಹೋಯಿತು. ಮೂರನೆಯದು ಸುಲ್ತಾನ್ ಬಜಾರಿನಲ್ಲಿ ಅಂಬವ್ವನನ್ನು ಅಕ್ಕ ಎನ್ನುವ ಹಂಪಯ್ಯನ ಬಟ್ಟೆ ಅಂಗಡಿಯ ಅಟ್ಟಕ್ಕೆ. ಇಂಟರ್ನೆಟ್ಟಿನ ಮೇಲೆ ಮೂರೂ ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ. ಒಂದರಲ್ಲಿ ಹಾಡು ಇಟ್ಟರೆ ಉಳಿದೆರಡೂ ನಕಲು ಮಾಡಿಕೊಳ್ಳುತ್ತವೆ. ಹಳ್ಳಿಯ ಪಂಚಾಯತಿಯ ನ್ಯಾಯ: ಇಬ್ಬರು ಒಪ್ಪಿದ್ದೇ ಮಾತು. ಆ ಹೊತ್ತಿಗೆ ಮೂರನೆಯದು ಆರಿದ್ದರೆ, ಎದ್ದ ಮೇಲೆ ಇಬ್ಬರು ಹೇಳಿದಂತೆ ಕೇಳಬೇಕು. ಅವರು ಇಟ್ಟರೆ ಇಡಬೇಕು, ಅಳಿಸಿದರೆ ಅಳಿಸಬೇಕು.

ಇಷ್ಟಕ್ಕೇ ಬಿಟ್ಟಿದ್ದರೆ ಅವರು ಅಮರೇಶಪ್ಪ ಯಾಕಾಗುತ್ತಿದ್ದರು? ಅಳಿಸಿದ ಕಡತಗಳು ಹೋಗಿ ಬೀಳುವ ಕಸದ ಬುಟ್ಟಿಯನ್ನೇ ತೆಗೆಸಿಹಾಕಿದರು, ಬಿದ್ದದ್ದನ್ನು ಯಾವನಾದರೂ ಹೆಕ್ಕಿಕೊಂಡರೆ ಎಂದು. ದೂರದಿಂದ ಪೆಟ್ಟಿಗೆಯನ್ನು ಆರಿಸುವ ದಾರಿಯನ್ನೂ ಮುಚ್ಚಿದರು. ತಮ್ಮ ಹೆಸರಿನಲ್ಲಿ ಬೇರೆಯವನು ಬಂದು ಆರಿಸಿಬಿಟ್ಟರೆ? ಪೆಟ್ಟಿಗೆ ನಿಲ್ಲಬೇಕಾದರೆ ಅಲ್ಲಿಗೇ ಹೋಗಿ ಕೈಯಿಂದ ಗುಂಡಿ ಒತ್ತಬೇಕು. ಆ ಗುಂಡಿಯ ಮೇಲೂ ಕಾಗದದ ಪಟ್ಟಿ, ಪಟ್ಟಿಯ ಮೇಲೆ ಸಹಿ.

ಒಂದು ಸಂಗತಿ ಮಾತ್ರ ವಿಚಿತ್ರವಾಗಿತ್ತು. ಹಾಡುಗಳು ಮೂರೂ ಕಡೆ ಸರಿಯಿವೆಯೋ ಇಲ್ಲವೋ ಎಂದು ದಿನಾ ಬೆಳಿಗ್ಗೆ ಪರೀಕ್ಷಿಸುತ್ತಿದ್ದ ಅಮರೇಶಪ್ಪನವರು ಒಂದು ಹಾಡನ್ನೂ ಹಚ್ಚಿ ಕೇಳುತ್ತಿರಲಿಲ್ಲ. ಅಡುಗೆಮನೆಯಲ್ಲಿ ಉಸಿರಿನಲ್ಲಿ ಮಾತಾಡುವ ಹೆಂಡತಿ ಇರುವಾಗ ಇತ್ತ ಆಕೆಯ ದನಿ ಹಚ್ಚಲು ಅವರಿಗೆ ಧೈರ್ಯವಿರಲಿಲ್ಲ. ಬೇರೆಯವರಿಗೂ ಅಪ್ಪಣೆ ಇರಲಿಲ್ಲ. ಪೆಟ್ಟಿಗೆ ಇಡುವ ದಿನ ಹಂಪಯ್ಯ, "ಅಕ್ಕಾರ ಹಾಡು ಅಂಗಡ್ಯಾಗ ಹಚ್ಚಲೇನ್ರಿ? ಗಿರಾಕಿ ಕೇಳ್ಕೋತ ಕುಂದರ್ತಾರ" ಎಂದಿದ್ದ. ಅಮರೇಶಪ್ಪನವರ ಮುಖ ಗಂಟಾಯಿತು. "ಹಚ್ಚಬ್ಯಾಡ್ರಿ, ಕೇಳಬ್ಯಾಡ್ರಿ. ಬರೇ ಇಟ್ಕೋರಿ" ಎಂದರು. "ಆತ್ರಿ" ಎಂದ ಹಂಪಯ್ಯ.

ಇಷ್ಟು ಸಲೀಸಾಗಿ "ಆತ್ರಿ" ಎಂದವನ ಮೇಲೆ ಅಮರೇಶಪ್ಪನವರಿಗೆ ಅಂದೇ ಒಂದು ಕಣ್ಣು ಬಿತ್ತು. ಬಟ್ಟೆ ವ್ಯಾಪಾರಿ, ಚೌಕಾಸಿ ಮಾಡದೆ ಒಪ್ಪುತ್ತಾನೆಂದರೆ?

ಸಂಶಯಕ್ಕೆ ಬೇಗನೆ ಮೇವು ಸಿಕ್ಕಿತು. ಸೋಮವಾರ ಬೆಳಗಾದರೆ ಹಂಪಯ್ಯನ ಪೆಟ್ಟಿಗೆ ಮಾತು ನಿಲ್ಲಿಸುತ್ತಿತ್ತು, ಮಂಗಳವಾರ ಅಂಗಡಿ ತೆರೆದ ಮೇಲೆ ಮತ್ತೆ ಏಳುತ್ತಿತ್ತು. ಒಂದು ವಾರವಲ್ಲ, ಪ್ರತಿ ವಾರ. ಅಂಗಡಿಗೆ ರಜೆ ಭಾನುವಾರ. ರಜೆಯ ದಿನ ಪೆಟ್ಟಿಗೆ ಓಡುತ್ತದೆ, ಅಂಗಡಿ ತೆರೆದಿರುವ ಸೋಮವಾರ ನಿಲ್ಲುತ್ತದೆ! ಕರೆಂಟಿನ ದೋಷವಾದರೆ ವಾರ ನೋಡಿಕೊಂಡು ಬರುತ್ತದೆಯೇ? ಸೋಮವಾರ ಯಾರೋ ಬಂದು ಪೆಟ್ಟಿಗೆ ಬಿಚ್ಚಿ, ಡಿಸ್ಕ್ ಒಯ್ದು, ಹಾಡು ಇಳಿಸಿಕೊಂಡು ಮರಳಿ ತಂದಿಡುತ್ತಿದ್ದಾರೆ ಎಂದು ಅವರ ಲೆಕ್ಕಾಚಾರ. ಹಂಪಯ್ಯನ ಅಳಿಯ ಶರಣಕುಮಾರ ಮದುವೆ ವಿಡಿಯೊ ತೆಗೆಯುವವನು. ಅಂಬವ್ವನ ದನಿಯನ್ನು ಅವನು ಊರೂರ ಮದುವೆಗೆ ಮಾರುತ್ತಿರಬೇಕು. ಒಂದಕ್ಕೊಂದು ಕೊಂಡಿ ಹಾಕುತ್ತ ಹೋದರೆ ಎಲ್ಲವೂ ಸರಿಯಾಗಿ ಕೂಡಿಕೊಳ್ಳುತ್ತಿತ್ತು.

ನೇರ ಕೇಳಬಹುದಿತ್ತಲ್ಲ? ತಪಾಸಣೆಯವರು ನೇರ ಕೇಳುವುದಿಲ್ಲ. ಕೇಳಿದರೆ ಸುಳ್ಳು ಹೇಳಲು ಎದುರಿನವನಿಗೆ ಸಮಯ ಕೊಟ್ಟಂತೆ. ಒಂದು ಶನಿವಾರ ಸುಮ್ಮನೆ ಬಂದವರಂತೆ ಅಂಗಡಿಗೆ ಹೋದರು. ಹಂಪಯ್ಯ ಕುಪ್ಪಸದ ಬಟ್ಟೆಯ ಥಾನು ಬದಿಗೊತ್ತಿ ಜಾಗ ಮಾಡಿ, ಎದುರಿನ ಹೋಟೆಲಿನಿಂದ ಇರಾನಿ ಚಹಾ ತರಿಸಿದ.

"ಹಂಪಯ್ಯಾರ, ಇಲ್ಲೆ ಕರೆಂಟ್ ಭಾಳ ಹೋಗತೈತೇನ್ರಿ?"

"ಇಲ್ರಿ. ಕರೆಂಟಿಂದು ಏನೂ ತಕರಾರಿಲ್ಲ."

"ಇಂಟರ್ನೆಟ್ಟು?"

"ಅದೂ ಛಲೋ ಐತ್ರಿ. ಚಹಾ ಆರಾಕತ್ತೈತಿ, ತಗೋರಿ."

ಅಮರೇಶಪ್ಪನವರು ಅಟ್ಟ ಹತ್ತಿದರು. ಪೆಟ್ಟಿಗೆಯ ಮೇಲೆ ಧೂಳಿನ ಕಣವಿರಲಿಲ್ಲ, ಮುಂದೆ ಮಾಸಿದ ಬಿಳಿ ಗೀರುಗಳಿದ್ದವು, ಅದೇ ಮೊದಲ ಸಂಶಯ. ಗುಂಡಿಯ ಮೇಲಿನ ಕಾಗದದ ಪಟ್ಟಿ ಇತ್ತು, ಸಹಿಯೂ ಇತ್ತು. ಆದರೆ ಬೆರಳು ಸವರಿದಾಗ ಅಂಚು ಮೆತ್ತಗಿತ್ತು. ತಾವು ಹಚ್ಚಿದ ಗೋಂದಲ್ಲ, ಇದು ಅನ್ನದ ಅಂಟು. ಬಿಡಿಸಿ, ಮತ್ತೆ ಅಂಟಿಸಲಾಗಿದೆ! ಕಳ್ಳನನ್ನು ಕೈಯಲ್ಲೇ ಹಿಡಿದಂತಾಯಿತು. ಕೆಳಗಿಳಿದು ಹಂಪಯ್ಯನಿಗೆ ಸುಳಿವು ಕೊಡದೆ ಆರಿದ ಚಹಾ ಕುಡಿದು ಮನೆಗೆ ಬಂದರು. ಅಂಬವ್ವನಿಗೂ ಹೇಳಲಿಲ್ಲ. ಆಕೆ ಹಂಪಯ್ಯನನ್ನು ತಮ್ಮನೆಂದು ತಿಳಿದವಳು, ಬಾಯಿ ಬಿಟ್ಟುಬಿಟ್ಟಾಳು.

ಸೋಮವಾರ ಬಂತು, ಪೆಟ್ಟಿಗೆ ಎಂದಿನಂತೆ ಆರಿತು. ಅಮರೇಶಪ್ಪನವರು ಕಾದಿದ್ದೇ ಅದಕ್ಕೆ. ಕಳ್ಳ ಡಿಸ್ಕ್ ಮರಳಿ ಇಡುವುದರೊಳಗೆ ಮನೆಯನ್ನೇ ಖಾಲಿ ಮಾಡಿಬಿಡುವುದು ಅವರ ಉಪಾಯ. ಗುಜರಿ ಬಜಾರಿನಿಂದ ತಂದಿದ್ದ ಬೇರೆ ಡಿಸ್ಕ್ ಒಂದಕ್ಕೆ ಎಲ್ಲ ಹಾಡುಗಳನ್ನೂ ಹಾಕಿಕೊಂಡರು. ಹಾಡುಗಳ ಹೆಸರುಗಳು ಬಂದವು ಎಂದು ನೋಡಿಕೊಂಡು ಮನೆಯ ಪೆಟ್ಟಿಗೆಯಿಂದ ಹಾಡುಗಳನ್ನು ಅಳಿಸಿದರು. ಮೆಹದಿಪಟ್ಟಣಂನ ಪೆಟ್ಟಿಗೆ ಒಪ್ಪಿ ತಾನೂ ಅಳಿಸಿತು. ಇಬ್ಬರು ಒಪ್ಪಿದ್ದೇ ಮಾತು. ಹಂಪಯ್ಯನದು ಎದ್ದ ಕೂಡಲೇ ಅದೂ ಖಾಲಿ. ಹಾಡು ಕದಿಯುವವನಿಗೆ ಖಾಲಿ ಡಬ್ಬಿ! ಆ ದಿನ ಅವರು ಎರಡು ರೊಟ್ಟಿ ಹೆಚ್ಚು ತಿಂದರು.

ಮಂಗಳವಾರ ಬೆಳಿಗ್ಗೆ ಡಿಸ್ಕ್ ಹಚ್ಚಿದರೆ ಅದು ಟಕ್ ಟಕ್ ಎಂದಿತು. ಬಿಚ್ಚಿ ಮತ್ತೆ ಹಚ್ಚಿದರು. ಟಕ್ ಟಕ್. ಬೇರೆ ವೈರು ಹಾಕಿದರು, ಆಮೇಲೆ ಆ ಸದ್ದೂ ನಿಂತುಹೋಯಿತು. ಜನ್ಮವಿಡೀ ಪರೀಕ್ಷೆ ಮಾಡದೆ ಒಂದು ತಿರುಪನ್ನೂ ಒಳಗೆ ಬಿಡದ ಮನುಷ್ಯ, ಸಂಶಯದ ಅವಸರದಲ್ಲಿ ಗುಜರಿಯ ಡಿಸ್ಕನ್ನು ಪರೀಕ್ಷಿಸುವುದನ್ನೇ ಮರೆತಿದ್ದರು.

ಹಾಡುಗಳು ಇನ್ನೆಲ್ಲಿ ಉಳಿದಿವೆ ಎಂದು ಬೆರಳು ಮಡಚಿ ಎಣಿಸಿದರು. ಮನೆಯ ಪೆಟ್ಟಿಗೆಯಲ್ಲಿ ಇಲ್ಲ, ಮೆಹದಿಪಟ್ಟಣಂನಲ್ಲಿ ಇಲ್ಲ. ಕಸದ ಬುಟ್ಟಿ ತಾವೇ ತೆಗೆಸಿದ್ದು. ಇಡೀ ಹೈದರಾಬಾದಿನಲ್ಲಿ, ಇಡೀ ಲೋಕದಲ್ಲಿ, ಅಂಬವ್ವನ ದನಿ ಉಳಿದಿರುವುದು ಒಂದೇ ಕಡೆ: ಹಂಪಯ್ಯನ ಅಟ್ಟದ ಮೇಲೆ, ಆರಿದ ಪೆಟ್ಟಿಗೆಯಲ್ಲಿ. ಅಂಗಡಿ ತೆರೆದು ಹಂಪಯ್ಯ ಗುಂಡಿ ಒತ್ತಿದ ಕೂಡಲೇ ಅದು ಎದ್ದು, ಉಳಿದಿಬ್ಬರ ಮಾತು ಕೇಳಿ, ಎಲ್ಲವನ್ನೂ ಅಳಿಸಿಹಾಕುತ್ತದೆ. ಮನೆಯ ಪೆಟ್ಟಿಗೆಯ ವೈರನ್ನು ಕಿತ್ತೆಸೆದರು. ಆದರೆ ಆಗಲೇ ಇಬ್ಬರು ಒಪ್ಪಿದ ಮಾತನ್ನು ದಾಟಿಸಲು ಒಂದೇ ಪೆಟ್ಟಿಗೆ ಸಾಕು, ಮೆಹದಿಪಟ್ಟಣಂದು? ಭವಾನಿ ಮೊಮ್ಮಗನ ತೊಟ್ಟಿಲಿಗೆಂದು ಕಲಬುರಗಿಗೆ ಹೋಗಿದ್ದಾಳೆ, ಮನೆಗೆ ಬೀಗ, ಒಳಗೆ ಪೆಟ್ಟಿಗೆ ಗುಂಯ್ ಎನ್ನುತ್ತ ಕಾಯುತ್ತಿದೆ. ದೂರದಿಂದ ಆರಿಸುವಂತಿಲ್ಲ. ಆ ದಾರಿ ಮುಚ್ಚಿದವರು ಯಾರು?

ಗಡಿಬಿಡಿಯಲ್ಲಿ ಚಪ್ಪಲಿ ಮೆಟ್ಟುತ್ತಿದ್ದವರ ತೋಳನ್ನು ಅಂಬವ್ವ ಹಿಡಿದರು. ಬಾಯಿ ಕಿವಿಗೆ ತಂದು, "ಎಲ್ಲಿಗ್ರಿ? ಮಾರಿ ಯಾಕ ಹಿಂಗ ಆಗೈತಿ?" ಎಂದರು.

ಅಮರೇಶಪ್ಪನವರು ಹೇಳಲೇಬೇಕಾಯಿತು. ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದರು. ಸೋಮವಾರದ ಮಾತು, ಅನ್ನದ ಅಂಟು, ಅಳಿಯನ ವಿಡಿಯೊ, ಟಕ್ ಟಕ್ ಎಂದ ಡಿಸ್ಕ್. ಕೇಳುತ್ತ ಕೇಳುತ್ತ ಅಂಬವ್ವನ ಮುಖ ಕೆಂಪಾಯಿತು. ದನಿ ಇದ್ದಿದ್ದರೆ ಶಾಂತಪ್ಪನ ಮನೆಯವರೆಲ್ಲ ಹೊರಗೆ ಬರುತ್ತಿದ್ದರು.

"ಸೋಮವಾರ ಯಾರಾರ ಎತ್ತು ಹೂಡ್ತಾರೇನ್ರಿ?"

"ಏನು?"

"ಸೋಮವಾರ ಬಸವಣ್ಣಗ ನೊಗ ಇಡಂಗಿಲ್ಲ. ನಿಮ್ಮಪ್ಪಾರು ಇಟ್ಟಿದ್ರೇನು? ಹಂಪಯ್ಯಾರೂ ಇಡಂಗಿಲ್ಲ. ಹಗಲೂ ರಾತ್ರಿ ದುಡಿಯೂ ಜೀವ ಇದು, ಸೋಮವಾರ ಒಂದಿನ ಕಟ್ಟಿ ನಿಂದರಿಸ್ತೀನ್ರಿ ಅಕ್ಕಾರ ಅಂತ ನನಗ ಶ್ರಾವಣದಾಗ ಹೇಳಿದ್ರು. ಮೈ ಒರಸಿ ವಿಭೂತಿ ಹಚ್ತಾರಂತ. ನಿಮ್ಮ ಚೀಟಿ ಹರಿಬಾರ್ದಂತ ನೀರು ಹಚ್ಚಿ ಬಿಡಿಸಿ, ಅನ್ನ ಹಚ್ಚಿ ಮತ್ತ ಅಂಟಿಸ್ತಾರಂತ." ಉಸಿರು ಸಾಲದೆ ಆಕೆ ನಿಂತರು. "ಒಕ್ಕಲಗ್ಯಾನ ಮಗ ನೀವು. ನಿಮಗ ಗೊತ್ತಿರ್ತೈತಿ ಅಂತ ನಾ ಹೇಳಲಿಲ್ಲ."

ಅಮರೇಶಪ್ಪನವರ ಕಣ್ಣ ಮುಂದೆ ಊರ ಮನೆಯ ಹಿತ್ತಿಲ ದನದ ಕೊಟ್ಟಿಗೆ ಬಂತು. ಸೋಮವಾರ ಬೆಳಿಗ್ಗೆ ಅಪ್ಪ ಎತ್ತುಗಳ ಮೈ ತೊಳೆದು ಹಣೆಗೆ ವಿಭೂತಿ ಎಳೆಯುತ್ತಿದ್ದದ್ದು, ಮೇವು ಹಾಕುವ ಪಾಳಿ ತಮ್ಮದೇ ಇದ್ದದ್ದು. ಕಾರ್ಖಾನೆಗೆ ಸೋಮವಾರ ಎಂದರೆ ಮೊದಲ ಕೆಲಸದ ದಿನ. ಅಲ್ಲಿ ದುಡಿದೂ ದುಡಿದೂ ಅದು ಪೂರ್ತಿ ಮರೆತುಹೋಗಿತ್ತು.

"ಫೋನ್ ಮಾಡ್ರಿ, ಹಚ್ಚಬ್ಯಾಡಂತ ಹೇಳ್ರಿ" ಎಂದರು ಅಂಬವ್ವ.

"ಹಚ್ಚಬ್ಯಾಡ ಅಂದ್ರ ಯಾಕಂತ ಕೇಳ್ತಾನ. ಏನೈತಿ ನೋಡೂಣು ಅಂತ ಮೊದಲು ಅದನ್ನ ಹಚ್ತಾನ." ಈ ಹೊತ್ತಿನಲ್ಲೂ ಅವರ ಬುದ್ಧಿ ಅದೇ ದಾರಿಯಲ್ಲಿ ಓಡುತ್ತಿತ್ತು. "ನಾನ ಹೋಗ್ತೀನಿ."

ಅಂಬವ್ವ ಅವರ ಜೇಬಿನಿಂದ ಫೋನು ಕಿತ್ತುಕೊಂಡರು. ದನಿ ಹೋದ ಮೇಲೆ ಆಕೆ ಯಾರಿಗೂ ಫೋನು ಮಾಡಿದ್ದೇ ಇಲ್ಲ. ಆ ಕಡೆಯಿಂದ ಹಂಪಯ್ಯ "ಅಮರೇಶಪ್ಪಾರ, ಹೇಳ್ರಿ" ಎಂದ. ಅಂಗಡಿಯ ಷಟರ್ ಎತ್ತುವ ಸದ್ದು ಕೇಳಿಸಿತು.

"ಹಂಪಯ್ಯಾರ" ಎಂದಿತು ಅಂಬವ್ವನ ಉಸಿರು. "ಇವತ್ತೂ ಹೂಡಬ್ಯಾಡ್ರಿ."

ಕೇಳಿಸಿತೋ ಇಲ್ಲವೋ ಎಂದು ಅಮರೇಶಪ್ಪನವರು ಕೈ ಹಿಸುಕಿಕೊಂಡರು.

"ಅಕ್ಕಾರ?" ಹಂಪಯ್ಯನ ದನಿ ಒದ್ದೆಯಾಯಿತು. "ಆತ್ರಿ ಅಕ್ಕಾರ. ಹೂಡಂಗಿಲ್ಲ."

ಯಾಕೆಂದು ಕೇಳಲಿಲ್ಲ. ಅದು ಅಮರೇಶಪ್ಪನವರಿಗೆ ನಂಬಲಾಗದ ಸಂಗತಿ. ನಂಬಲಾಗದ್ದರಿಂದಲೇ ಅವರು ಹೊರಟುಬಿಟ್ಟರು. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಿಲ್ಲ. ಆಳು ಬಂದು ಒತ್ತಿದರೆ? ಕಸ ಹೊಡೆಯುವಾಗ ಕೈ ತಗುಲಿದರೆ? ತಾರ್ನಾಕಾ ದಾಟುವವರೆಗೆ ಇಂಥವೇ. ಆಮೇಲೆ ಯಾಕೋ ಈ ಸಂಶಯಗಳು ಅವರಿಗೇ ಹೇಸಿಗೆ ಎನಿಸಿದವು. ಎಷ್ಟೋ ವಾರ ಒಬ್ಬ ಮನುಷ್ಯ ನನ್ನ ಚೀಟಿ ಹರಿಯಬಾರದೆಂದು ಅನ್ನದ ಅಗುಳು ಅರೆದು ಕೂತಿದ್ದ, ನಾನು ಅವನು ತರಿಸಿದ ಚಹಾ ಕುಡಿಯುತ್ತ ಅವನನ್ನು ಕಳ್ಳನೆಂದು ತಿಳಿದಿದ್ದೆ ಎಂದು ನಾಚಿಕೆಯಾಯಿತು.

ಕೋಠಿಯಲ್ಲಿ ಇಳಿದು ಜನರ ನಡುವೆ ತೂರಿಕೊಂಡು ಅಂಗಡಿ ಮುಟ್ಟಿದಾಗ ಹಂಪಯ್ಯ ಅಟ್ಟದ ಮೆಟ್ಟಿಲ ಬುಡಕ್ಕೆ ಸ್ಟೂಲು ಹಾಕಿಕೊಂಡು ಕೂತಿದ್ದ. ಯಾರೂ ಮೇಲೆ ಹೋಗದಂತೆ ಕಾಯುತ್ತಿದ್ದ. ಎದುರಿಗೆ ಗಿರಾಕಿಗಳು ಬಂದು ನಿಂತಿದ್ದರು, ಅವನು ಎದ್ದಿರಲಿಲ್ಲ.

"ಬರ್ರಿ. ಅಕ್ಕಾರಿಗೆ ಆರಾಮ ಐತಿಲ್ರಿ?" ಎಂದಷ್ಟೇ ಕೇಳಿದ.

ಮೇಲೆ ಪೆಟ್ಟಿಗೆ ಆರಿತ್ತು, ಅದರ ಹಣೆಯ ಮೇಲೆ ವಿಭೂತಿಯ ಮೂರು ಗೆರೆ. ಅಮರೇಶಪ್ಪನವರು ಮೊದಲು ಇಂಟರ್ನೆಟ್ಟಿನ ವೈರು ಕಿತ್ತರು, ಆಮೇಲೆ ಚೀಟಿ ಬಿಡಿಸಿ ಗುಂಡಿ ಒತ್ತಿದರು. ಜೊತೆಯಿಬ್ಬರ ಮಾತು ಕಿವಿಗೆ ಬೀಳದ ಪೆಟ್ಟಿಗೆ ಎದ್ದು, ತನ್ನಲ್ಲಿದ್ದುದನ್ನೆಲ್ಲ ತೋರಿಸಿತು. ಎಲ್ಲ ಹೆಸರೂ ಇದ್ದವು. ಆದರೆ ನಿನ್ನೆಯೂ ಬರೀ ಹೆಸರು ನೋಡಿಯೇ ಕೆಟ್ಟಿದ್ದು. ಒಂದನ್ನಾದರೂ ಹಚ್ಚಿ ಕೇಳದೆ ಗತ್ಯಂತರವಿರಲಿಲ್ಲ.

"ಹಂಪಯ್ಯಾರ, ಸ್ಪೀಕರ್ ಐತೇನ್ರಿ?"

ಹಂಪಯ್ಯ ಅಂಗಡಿಯ ಸ್ಪೀಕರ್ ತಂದು ಪೆಟ್ಟಿಗೆಯ ಪಕ್ಕದಲ್ಲಿಟ್ಟ, ವೈರು ಜೋಡಿಸಿಕೊಟ್ಟ. ಆಮೇಲೆ ಮೆಟ್ಟಿಲಿಳಿದು, ಗಿರಾಕಿಗಳನ್ನೂ ಕರೆದುಕೊಂಡು ಹೊರಗೆ ಹೋಗಿ, ಬಾಗಿಲು ಎಳೆದುಕೊಳ್ಳತೊಡಗಿದ.

"ಎಲ್ಲಿಗೆ ಹೊಂಟ್ರಿ?"

"ನೀವು ಕೇಳ್ರಿ. ನಾ ಹೊರಗ ನಿಂದರ್ತೀನಿ. ಕೇಳಬ್ಯಾಡ್ರಿ ಅಂದಿದ್ರಲ್ಲ."

ಅಮರೇಶಪ್ಪನವರ ಬೆರಳು ಅಲ್ಲೇ ನಿಂತಿತು. ಇಷ್ಟು ಕಾಲ ತಲೆಯ ಮೇಲೇ ಇದ್ದ ದನಿಯನ್ನು ಈತ ಒಂದು ಸಲವೂ ಹಚ್ಚಿ ಕೇಳಿರಲಿಲ್ಲ. ಪರೀಕ್ಷೆ ಮಾಡದೆ ಒಂದು ಮಾತನ್ನು ಪೂರ್ತಿ ನಂಬಿದ್ದು ಅವರ ಜೀವಮಾನದಲ್ಲಿ ಅದೇ ಮೊದಲು. ಕೂಗಲು ಹೋದರೆ ಅವರಿಂದಲೂ ಬರೀ ಉಸಿರು ಹೊರಟಿತು. ಕೆಮ್ಮಿ ಸರಿಮಾಡಿಕೊಂಡರು.

"ಹಂಪಯ್ಯಾರ, ಒಳಗ ಬರ್ರಿ. ಅವ್ರನ್ನೂ ಕರೀರಿ. ಬಾಗಿಲು ತೆಗೀರಿ."

ಹಂಪಯ್ಯ ಬಂದು ಮೆಟ್ಟಿಲ ಮೇಲೆ ಕೂತ. ಅಮರೇಶಪ್ಪನವರು ಹಾಡು ಹಚ್ಚಿದರು. ಮೊದಲು ಯಾವುದೋ ಮದುವೆಯ ಗದ್ದಲ, ಬಳೆಗಳ ಸದ್ದು. ಆಮೇಲೆ ಅಂಬವ್ವ ತುಂಬಿದ ದನಿಯಲ್ಲಿ, ಸುಲ್ತಾನ್ ಬಜಾರಿನ ಬೀದಿಗೆ ಕೇಳುವ ಹಾಗೆ ಕೇಳಿದರು:

"ಎಲ್ಲಾರೂ ಬಂದ್ರೇನ್ರಿ? ಶುರು ಮಾಡ್ಲೇನು?"